ಸೊನ್ನೆಗಿಂತ ಕೆಳಗಿನ ಉತ್ತರ

1963ರಲ್ಲಿ ಜಾನ್ ಸ್ಟೀಲ್ ಎಂಬ ಅಮೆರಿಕದ ಎದೆ ಶಸ್ತ್ರವೈದ್ಯರು 887 ಗಂಟುಗಳ ಲೆಕ್ಕವೊಂದನ್ನು ಪ್ರಕಟಿಸಿದರು. ಎಲ್ಲವೂ ಗಂಡಸರ ಶ್ವಾಸಕೋಶದಿಂದ ತೆಗೆದವು. ಅವರಿಗೆ ಕೆಮ್ಮಿರಲಿಲ್ಲ, ನೋವಿರಲಿಲ್ಲ, ಕಫದಲ್ಲಿ ರಕ್ತ ಬಿದ್ದಿರಲಿಲ್ಲ. ಎಕ್ಸ್‌ರೇಯಲ್ಲಿ ಒಂಟಿಯಾಗಿ ಒಂದು ಗುಂಡನೆಯ ನೆರಳು ಕಂಡಿತ್ತು, ಅಷ್ಟೇ. ಪಕ್ಕೆಲುಬುಗಳ ನಡುವೆ ಕೊಯ್ದು, ಎದೆಗೂಡನ್ನು ಅಗಲಿಸಿ, ಗಂಟನ್ನು ತೆಗೆದು ಪೆಥಾಲಜಿಸ್ಟರ ಕೈಗೆ ಕೊಟ್ಟ ಮೇಲೆ ಗೊತ್ತಾಯಿತು: ಕ್ಯಾನ್ಸರ್ ಆಗಿದ್ದದ್ದು ಸುಮಾರು ಮೂರರಲ್ಲೊಂದು ಪಾಲು. ಅರ್ಧಕ್ಕಿಂತ ಹೆಚ್ಚಿನವು ಗ್ರಾನ್ಯುಲೋಮಾ, ಅಂದರೆ ಹಿಂದೆಂದೋ ಆದ ಸೋಂಕು ವಾಸಿಯಾಗಿ ಬಿಟ್ಟುಹೋದ ಕಲೆ. ಉಳಿದದ್ದರಲ್ಲಿ ಒಂದು ಸಣ್ಣ ಪಾಲು ಹ್ಯಾಮರ್ಟೋಮಾ.

ಆ ಸಣ್ಣ ಪಾಲಿನ ಕತೆಯೇ ಇಲ್ಲಿ ಹೇಳಹೊರಟಿರುವುದು. ಹ್ಯಾಮರ್ಟೋಮಾ ಕ್ಯಾನ್ಸರ್ ಅಲ್ಲ, ಬೇರೆಡೆಗೆ ಹರಡುವುದಿಲ್ಲ, ಬೆಳೆದರೂ ವರ್ಷಕ್ಕೆ ಕೆಲವೇ ಮಿಲಿಮೀಟರ್. ಬಹುಪಾಲು ಜನ ಅದನ್ನು ಎದೆಯಲ್ಲಿಟ್ಟುಕೊಂಡೇ ಬದುಕಿ, ಬೇರೇನೋ ಕಾರಣಕ್ಕೆ ಸಾಯುತ್ತಾರೆ. ಅದಕ್ಕಾಗಿ ಎದೆ ಕೊಯ್ಯಬೇಕಾಗಿಯೇ ಇರಲಿಲ್ಲ. ಆದರೆ ಕೊಯ್ಯುವ ಮುಂಚೆ ಅದನ್ನು ಹೇಳುವವರಾರು? ಶಸ್ತ್ರವೈದ್ಯರನ್ನು ದೂರಿ ಉಪಯೋಗವಿಲ್ಲ. ಮೂರರಲ್ಲೊಂದು ಕ್ಯಾನ್ಸರ್ ಆಗಿರುವಾಗ ‘ನೋಡೋಣ ಬಿಡಿ’ ಎಂದು ರೋಗಿಯನ್ನು ಮನೆಗೆ ಕಳಿಸುವ ಧೈರ್ಯ ಯಾವ ವೈದ್ಯರಿಗೂ ಬರುವುದಿಲ್ಲ.

ಹ್ಯಾಮರ್ಟೋಮಾ ಎಂಬ ಹೆಸರನ್ನು 1904ರಲ್ಲಿ ಬಳಕೆಗೆ ತಂದವರು ಜರ್ಮನಿಯ ಪೆಥಾಲಜಿಸ್ಟ್ ಯೂಗೆನ್ ಆಲ್ಬ್ರೆಕ್ಟ್. ಒಂದು ಅಂಗದಲ್ಲಿ ಇರಬೇಕಾದ ಊತಕಗಳೇ ಹದ ತಪ್ಪಿ ಕಲೆತು ಗಂಟಾಗಿರುವುದನ್ನು ಅವರು ಹಾಗೆ ಕರೆದರು. 1934ರಲ್ಲಿ ಗೋಲ್ಡ್ಸ್‌ವರ್ದಿ ಎಂಬವರು ಅದೇ ಹೆಸರನ್ನು ಶ್ವಾಸಕೋಶದ ಮೃದ್ವಸ್ಥಿಯ ಗಂಟುಗಳಿಗೆ ಅನ್ವಯಿಸಿದರು. ಮೇಯೋ ಕ್ಲಿನಿಕ್‌ನವರು 1945ರಲ್ಲಿ ಶವಪರೀಕ್ಷೆಗಳ ದಾಖಲೆ ತೆಗೆದು ನೋಡಿದಾಗ ಅಂಥ ಗಂಟು ಸಿಕ್ಕಿದ್ದು ನಾನೂರರಲ್ಲಿ ಒಬ್ಬರ ಎದೆಯಲ್ಲಿ. ಕೊಯ್ದು ನೋಡಿದರೆ ಅದರ ಗುರುತು ಹಿಡಿಯಲು ಕಷ್ಟವೇನಿಲ್ಲ. ಬೆಳ್ಳಗೆ ಹೊಳೆಯುವ ಮೃದ್ವಸ್ಥಿಯ ಉಬ್ಬುಗಳು, ಅವುಗಳ ನಡುವಿನ ಸಂದಿಗಳಲ್ಲಿ ಉಸಿರುನಾಳದ ಒಳಪದರದಂಥ ಜೀವಕೋಶಗಳು, ಅಲ್ಲಲ್ಲಿ ಹಳದಿ ಕೊಬ್ಬು. ಸುತ್ತಲಿನ ಶ್ವಾಸಕೋಶಕ್ಕೆ ಅದು ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ. ಮೇಲಿನ ಪೊರೆ ಕೊಯ್ದು ಬೆರಳಿನಿಂದ ಒತ್ತಿದರೆ ಇಡಿಯಾಗಿ ಹೊರಕ್ಕೆ ಜಾರಿ ಬರುತ್ತದೆ.

ಆ ಹಳದಿ ಕೊಬ್ಬನ್ನು ನೆನಪಿಟ್ಟುಕೊಳ್ಳಿ. ಪೆಥಾಲಜಿಸ್ಟರಿಗೆ ಅದು ಮೊದಲಿನಿಂದಲೂ ಗೊತ್ತಿತ್ತು. ರೇಡಿಯಾಲಜಿಸ್ಟರಿಗೂ ಪುಸ್ತಕದಲ್ಲಿ ಓದಿ ಗೊತ್ತಿತ್ತು. ಅದನ್ನು ಹೊರಗಿನಿಂದ ಕಾಣುವ ದಾರಿ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ಎಕ್ಸ್‌ರೇ ಫಿಲ್ಮಿನಲ್ಲಿ ಎದುರಿನ ಚರ್ಮದಿಂದ ಬೆನ್ನಿನ ಚರ್ಮದವರೆಗೆ ದಾರಿಯಲ್ಲಿ ಸಿಕ್ಕಿದ್ದೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ನೆರಳಾಗುತ್ತದೆ. ಎರಡು ಸೆಂಟಿಮೀಟರಿನ ಗಂಟಿನೊಳಗಿನ ಮೂರು ಮಿಲಿಮೀಟರ್ ಕೊಬ್ಬು ಆ ರಾಶಿಯಲ್ಲಿ ಎಲ್ಲಿಯೋ ಕರಗಿಹೋಗುತ್ತದೆ.

ಫಿಲ್ಮಿನಲ್ಲಿ ಕಾಣುತ್ತಿದ್ದದ್ದು ಸುಣ್ಣ. ಗಂಟಿನಲ್ಲಿ ಕ್ಯಾಲ್ಸಿಯಂ ಕಟ್ಟಿದ್ದರೆ ಅದು ಬೆಳ್ಳಗೆ ಎದ್ದು ತೋರುತ್ತದೆ. ಹ್ಯಾಮರ್ಟೋಮಾದ ಮೃದ್ವಸ್ಥಿಯಲ್ಲಿ ಸುಣ್ಣ ಕಟ್ಟಿದಾಗ ಅದು ಉಂಡೆಯುಂಡೆಯಾಗಿ ಅರಳಿದಂತಿರುತ್ತದೆ. ರೇಡಿಯಾಲಜಿಸ್ಟರು ಇಂದಿಗೂ ಅದಕ್ಕೆ ‘ಪಾಪ್‌ಕಾರ್ನ್’ ಎಂದೇ ಹೇಳುವುದು. ಪಠ್ಯಪುಸ್ತಕಗಳೆಲ್ಲ ಆ ಚಿತ್ರವನ್ನೇ ಅಚ್ಚು ಹಾಕಿದವು, ವಿದ್ಯಾರ್ಥಿಗಳೆಲ್ಲ ಅದನ್ನೇ ಬಾಯಿಪಾಠ ಮಾಡಿದರು. ನಿಜ ಹೇಳಬೇಕೆಂದರೆ ಬಹುಪಾಲು ಹ್ಯಾಮರ್ಟೋಮಾಗಳ ಎಕ್ಸ್‌ರೇಯಲ್ಲಿ ಪಾಪ್‌ಕಾರ್ನ್ ಇರುವುದೇ ಇಲ್ಲ. ಪರೀಕ್ಷೆಯಲ್ಲಿ ಸದಾ ಕೇಳುವ, ವಾರ್ಡಿನಲ್ಲಿ ಅಪರೂಪಕ್ಕೆ ಸಿಗುವ ಲಕ್ಷಣಗಳ ಪಟ್ಟಿಯಲ್ಲಿ ಇದಕ್ಕೆ ಮೇಲಿನ ಸ್ಥಾನವೇ ಸಲ್ಲಬೇಕು.

ಮೇಯೋ ಕ್ಲಿನಿಕ್‌ನ ಸಿ. ಅಲೆನ್ ಗುಡ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಎರಡು ಸೂತ್ರಗಳನ್ನು ಗಟ್ಟಿ ಮಾಡಿದರು. ಗಂಟಿನಲ್ಲಿ ತಕ್ಕ ರೀತಿಯಲ್ಲಿ ಸುಣ್ಣ ಕಟ್ಟಿದ್ದರೆ ಭಯವಿಲ್ಲ. ಎರಡು ವರ್ಷ ಗಂಟು ಬೆಳೆಯದೇ ಇದ್ದರೆ ಭಯವಿಲ್ಲ. ಎರಡೂ ಒಳ್ಳೆಯ ಸೂತ್ರಗಳೇ. ಆದರೆ ಎರಡನೆಯದು ಕಾಯುವವನ ಮೇಲೆ ಎಂಥ ಭಾರ ಹೊರಿಸುತ್ತದೆ ಎಂಬುದು ಫಿಲ್ಮ್ ನೋಡುವವನಿಗೆ ಗೊತ್ತಾಗುವುದಿಲ್ಲ. ಕ್ಯಾನ್ಸರೇ ಆಗಿದ್ದರೆ ಕಾದ ಒಂದೊಂದು ತಿಂಗಳೂ ನಷ್ಟ. ಹೀಗಾಗಿ ಕತ್ತಿಯ ಕಡೆಗೇ ತಕ್ಕಡಿ ವಾಲುತ್ತಿತ್ತು.

ಬದಲಾವಣೆ ಬಂದದ್ದು ಸಂಗೀತದ ತಟ್ಟೆಗಳನ್ನು ಮಾರುತ್ತಿದ್ದ ಕಂಪನಿಯಿಂದ. ಲಂಡನ್ನಿನ ಪಶ್ಚಿಮಕ್ಕಿರುವ ಹೇಯ್ಸ್‌ನಲ್ಲಿ ಇಎಂಐ ಸಂಸ್ಥೆಯ ಪ್ರಯೋಗಾಲಯವಿತ್ತು. ಅಲ್ಲಿನ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್, ಒಂದು ವಸ್ತುವಿನ ಮೂಲಕ ಎಲ್ಲ ಕೋನಗಳಿಂದಲೂ ಕಿರಣ ಹಾಯಿಸಿ ಅಳೆದರೆ ಅದರೊಳಗೆ ಎಲ್ಲೆಲ್ಲಿ ಏನಿದೆ ಎಂದು ಲೆಕ್ಕ ಹಾಕಿ ಹೇಳಬಹುದೆಂದು ಹೊರಟರು. ಹಳೆಯ ಲೇತಿನ ಚೌಕಟ್ಟಿನ ಮೇಲೆ ಕಟ್ಟಿದ ಮೊದಲ ಯಂತ್ರಕ್ಕೆ ಒಂದು ಚಿತ್ರದ ಅಳತೆ ಮುಗಿಸಲು ಒಂಬತ್ತು ದಿನ ಬೇಕಾಯಿತು; ಆ ಅಳತೆಗಳನ್ನು ಜೋಡಿಸಲು ಕಂಪ್ಯೂಟರಿಗೆ ಮತ್ತೆ ಎರಡೂವರೆ ಗಂಟೆ. 1971ರ ಅಕ್ಟೋಬರ್ 1ರಂದು ವಿಂಬಲ್ಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ಮಿದುಳಿನ ಗಡ್ಡೆಯ ಶಂಕೆಯಿದ್ದ ಮಹಿಳೆಯೊಬ್ಬರು ಸಿಟಿ ಸ್ಕ್ಯಾನಿನ ಮೊದಲ ರೋಗಿಯಾದರು. 1979ರಲ್ಲಿ ಹೌನ್ಸ್‌ಫೀಲ್ಡ್ ಅವರಿಗೆ ಅಲನ್ ಕಾರ್ಮಾಕ್ ಜೊತೆ ನೊಬೆಲ್ ಬಂತು.

ಚಿತ್ರಗಳೇ ಎಲ್ಲರ ಕಣ್ಣು ಸೆಳೆದವು. ನಮ್ಮ ಕತೆಗೆ ಬೇಕಾದದ್ದು ಚಿತ್ರದ ಹಿಂದಿನ ಅಂಕಿ. ಸಿಟಿ ಚಿತ್ರದ ಪ್ರತಿಯೊಂದು ಚುಕ್ಕಿಯೂ ಒಂದು ಸಂಖ್ಯೆ; ಆ ಜಾಗದ ವಸ್ತು ಕಿರಣವನ್ನು ಎಷ್ಟು ತಡೆಯಿತು ಎಂಬುದರ ಅಳತೆ. ನೀರಿಗೆ ಸೊನ್ನೆ. ಗಾಳಿಗೆ ಮೈನಸ್ 1000. ಸ್ನಾಯು, ರಕ್ತ, ಗಡ್ಡೆಗಳಂಥ ಮೃದು ಊತಕ ಸೊನ್ನೆಯ ಮೇಲೆ ನಲವತ್ತೈವತ್ತು. ಸುಣ್ಣ ನೂರಾರು. ಕೊಬ್ಬು ನೀರಿಗಿಂತ ಹಗುರ, ಆದ್ದರಿಂದ ಅದು ಸೊನ್ನೆಯ ಕೆಳಗೆ, ಮೈನಸ್ ನೂರರ ಆಸುಪಾಸು. ಫಿಲ್ಮಿನ ಬೂದು ಬಣ್ಣವನ್ನು ದಿಟ್ಟಿಸಿ ‘ಸ್ವಲ್ಪ ಬಿಳಿಚು ಅನ್ನಿಸುತ್ತೆ’ ಎನ್ನುತ್ತಿದ್ದವರ ಕೈಗೆ ಮೊದಲ ಸಲ ಒಂದು ಅಳತೆಗೋಲು ಬಂತು. ಇಂದು ಆ ಮಾನಕ್ಕೆ ಹೌನ್ಸ್‌ಫೀಲ್ಡ್ ಅವರದೇ ಹೆಸರು.

ಅಳತೆಗೋಲನ್ನು ಶ್ವಾಸಕೋಶದ ಗಂಟಿನೊಳಕ್ಕೆ ಇಳಿಸಿ ನೋಡಿದ್ದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಅಲ್ಲಿ ಎದೆಯ ಚಿತ್ರ ಓದುವುದರಲ್ಲಿ ಪಳಗಿದ ಸ್ಟಾನ್ಲಿ ಸೀಗಲ್ಮನ್ ಇದ್ದರು. ಅವರ ತಂಡದಲ್ಲಿ ಎಲಿಯಾಸ್ ಜೆರ್ಹೂನಿ ಎಂಬ ತರುಣರಿದ್ದರು. ಅಲ್ಜೀರಿಯಾದ ನೆದ್ರೋಮಾ ಎಂಬ ಊರಲ್ಲಿ 1951ರಲ್ಲಿ ಹುಟ್ಟಿ, ಅಲ್ಜಿಯರ್ಸ್‌ನಲ್ಲಿ ವೈದ್ಯಕೀಯ ಓದಿ, 24ರ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದವರು. (ಮುಂದೆ 2002ರಿಂದ 2008ರವರೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಇವರೇ.) ತಂಡದ ಆಲೋಚನೆ ಸರಳವಾಗಿತ್ತು: ಗ್ರಾನ್ಯುಲೋಮಾದಲ್ಲಿ ಫಿಲ್ಮಿನ ಕಣ್ಣಿಗೆ ಬೀಳದಷ್ಟು ನುಣ್ಣಗೆ ಸುಣ್ಣ ಹರಡಿಕೊಂಡಿರಬಹುದು, ಕಣ್ಣು ಕಾಣದ್ದನ್ನು ಅಂಕಿ ಹಿಡಿಯಬಹುದು.

ಅದಕ್ಕೊಂದು ಅಡ್ಡಿಯಿತ್ತು. ಅಂದಿನ ಸಿಟಿಯಲ್ಲಿ ಎದೆಯನ್ನು ಸಾಮಾನ್ಯವಾಗಿ 10 ಮಿಲಿಮೀಟರ್ ದಪ್ಪದ ಹೋಳುಗಳಲ್ಲಿ ನೋಡುತ್ತಿದ್ದರು. ಗಂಟೇ 10 ಮಿಲಿಮೀಟರ್ ಇದ್ದರೆ ಒಂದೇ ಹೋಳಿನಲ್ಲಿ ಗಂಟೂ ಸೇರುತ್ತದೆ, ಅದರ ಮೇಲೆ ಕೆಳಗಿನ ಗಾಳಿಯೂ ಸೇರುತ್ತದೆ. ಯಂತ್ರ ಕೊಡುವುದು ಎರಡರ ಸರಾಸರಿ. ಮೈನಸ್ 800ರ ಶ್ವಾಸಕೋಶವೂ ಪ್ಲಸ್ 50ರ ಗಂಟೂ ಬೆರೆತು ಬಂದ ಅಂಕಿಗೆ ಯಾವ ಅರ್ಥವೂ ಇಲ್ಲ. ಅದಕ್ಕೇ ತೆಳು ಹೋಳುಗಳು ಬೇಕು, ಅದೂ ಗಂಟಿನ ನಟ್ಟನಡುವೆಯೇ ಹಾಯುವಂತೆ. ರೋಗಿ ಪ್ರತಿ ಹೋಳಿಗೂ ಅಷ್ಟೇ ಉಸಿರು ಎಳೆದು ಹಿಡಿಯಬೇಕು. ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ ಎಳೆದರೆ ಗಂಟು ಮೇಲೆ ಕೆಳಗೆ ಸರಿದು ಹೋಳಿನಿಂದಲೇ ತಪ್ಪಿಸಿಕೊಳ್ಳುತ್ತದೆ.

1980ರಲ್ಲಿ ಫಲಿತಾಂಶ ಬಂತು. ಫಿಲ್ಮಿನಲ್ಲಿ ಸುಣ್ಣ ಕಾಣದ 91 ಗಂಟುಗಳನ್ನು ಅಳೆದು, ಪ್ರತಿಯೊಂದರ ಅತಿ ಹೆಚ್ಚಿನ ಅಂಕಿಗಳ ಸರಾಸರಿ ತೆಗೆದಿದ್ದರು. ಕ್ಯಾನ್ಸರ್ ಗಂಟುಗಳೆಲ್ಲ ಒಂದು ಮಟ್ಟದ ಕೆಳಗೆ ನಿಂತವು. ನಿರಪಾಯದ ಗಂಟುಗಳಲ್ಲಿ ಬಹಳಷ್ಟು ಆ ಮಟ್ಟ ದಾಟಿದವು. ಗೆರೆ ಬಿದ್ದದ್ದು 164ರಲ್ಲಿ. ಒಂದು ಸಂಖ್ಯೆ, ಅದರ ಮೇಲಿದ್ದರೆ ಶಸ್ತ್ರಚಿಕಿತ್ಸೆ ಬೇಡ. ರೇಡಿಯಾಲಜಿ ಲೋಕ ಇದನ್ನು ಎಷ್ಟು ಆಸೆಯಿಂದ ಬರಮಾಡಿಕೊಂಡಿರಬೇಕು ಎಂದು ಊಹಿಸುವುದು ಕಷ್ಟವಲ್ಲ.

ಬೇರೆ ಊರುಗಳಲ್ಲಿ ಅದು ನಡೆಯಲಿಲ್ಲ. ಇತರ ಕೇಂದ್ರಗಳವರು ತಮ್ಮ ಯಂತ್ರದಲ್ಲಿ ಅಳೆದರು. ಬಾಲ್ಟಿಮೋರಿನ ಗೆರೆ ಅಲ್ಲಿ ಕೂರಲಿಲ್ಲ. ಒಂದು ಸುಳಿವು ಮೂಲ ಲೇಖನದಲ್ಲೇ ಇತ್ತು. ಅದರಲ್ಲಿ ಶ್ವಾಸಕೋಶದಲ್ಲೇ ಹುಟ್ಟಿದ ಕ್ಯಾನ್ಸರ್ ಗಂಟುಗಳ ಸರಾಸರಿ 92. ಮೃದು ಊತಕ ನಲವತ್ತೈವತ್ತು ಓದಬೇಕಾದಲ್ಲಿ 92 ಓದಿದರೆ, ಅಷ್ಟರಮಟ್ಟಿಗೆ ಯಂತ್ರ ತನ್ನದನ್ನೂ ಸೇರಿಸಿದೆ ಎಂದರ್ಥ. ಯಂತ್ರದ ತಯಾರಿ, ಕಿರಣದ ವೋಲ್ಟೇಜು, ಚಿತ್ರ ಕಟ್ಟುವ ಗಣಿತ, ರೋಗಿಯ ಮೈಕಟ್ಟು, ಗಂಟು ಎದೆಯ ನಡುವಿದೆಯೋ ಪಕ್ಕೆಲುಬಿಗೆ ಒತ್ತಿಕೊಂಡಿದೆಯೋ ಎಂಬುದು, ಇವೆಲ್ಲ ಸೇರಿ ಅಂಕಿಯನ್ನು ಅತ್ತಿತ್ತ ಎಳೆಯುತ್ತಿದ್ದವು. 164 ಎಂಬುದು ಆ ಕೋಣೆಯ, ಆ ಯಂತ್ರದ ಸತ್ಯವಾಗಿತ್ತು.

ಜೆರ್ಹೂನಿ ಇದಕ್ಕೆ ಹುಡುಕಿದ ಪರಿಹಾರ ನನಗೆ ಈ ಇಡೀ ಕತೆಯಲ್ಲೇ ಹೆಚ್ಚು ಇಷ್ಟವಾದ ಭಾಗ. ಅಷ್ಟರಲ್ಲಿ ಅವರು ವರ್ಜೀನಿಯಾದ ನಾರ್ಫೋಕ್‌ಗೆ ಹೋಗಿದ್ದರು. ಎಲ್ಲ ಯಂತ್ರಗಳನ್ನೂ ಒಂದೇ ತಾಳಕ್ಕೆ ತರುವುದು ಆಗದ ಮಾತು. ಹಾಗಾದರೆ ಪ್ರತಿ ಯಂತ್ರದ ಎದುರಿಗೂ ಒಂದೇ ಎದೆಯನ್ನು ಇಡೋಣ ಎಂದರು. 1983ರಲ್ಲಿ ಪ್ರಕಟವಾದ ಆ ‘ಫ್ಯಾಂಟಮ್’ ಒಂದು ಕೃತಕ ಎದೆ. ಬೆನ್ನುಮೂಳೆ, ಪಕ್ಕೆಲುಬು, ಶ್ವಾಸಕೋಶ ಎಲ್ಲದಕ್ಕೂ ತಕ್ಕ ಸಾಂದ್ರತೆಯ ವಸ್ತುಗಳು. ರೋಗಿ ದಪ್ಪಗಿದ್ದರೆ ಹೊರಗೆ ಕೊಬ್ಬಿನ ಸಾಂದ್ರತೆಯ ಸುತ್ತು ತೊಡಿಸಬಹುದು. ಬೇರೆ ಬೇರೆ ಅಳತೆಯ, ಗೆರೆಯ ಸಾಂದ್ರತೆಗೆ ಸರಿಯಾಗಿ ಎರಕ ಹೊಯ್ದ ಉರುಳೆಗಳೂ ಜೊತೆಗಿದ್ದವು. ರೋಗಿಯ ಸ್ಕ್ಯಾನ್ ಮುಗಿದು ಅವರು ಮೇಜಿನಿಂದ ಇಳಿದ ಮೇಲೆ ತಂತ್ರಜ್ಞರು ಫ್ಯಾಂಟಮ್ ತಂದು ಮಲಗಿಸುತ್ತಿದ್ದರು. ರೋಗಿಯ ಮೈ ಅಳತೆಗೆ ಅದನ್ನು ಹೊಂದಿಸಿ, ಅವರ ಗಂಟಿನಷ್ಟೇ ಗಾತ್ರದ ಉರುಳೆಯನ್ನು ಆರಿಸಿ, ಗಂಟು ಇದ್ದ ಜಾಗದಲ್ಲೇ ಅದನ್ನು ಕೂರಿಸಿ, ಯಂತ್ರದ ಒಂದು ಗುಂಡಿಯನ್ನೂ ಬದಲಿಸದೆ ಮತ್ತೊಮ್ಮೆ ಸ್ಕ್ಯಾನ್. ರೋಗಿಯ ಗಂಟು ಉರುಳೆಗಿಂತ ಬೆಳ್ಳಗಿದ್ದರೆ ಸುಣ್ಣವಿದೆ, ನಿರಪಾಯ. ಈಗ ಅಂಕಿ ಎಷ್ಟು ಬಂತೆಂಬುದು ಮುಖ್ಯವಲ್ಲ. ಯಂತ್ರ ಸುಳ್ಳು ಹೇಳಿದರೂ ಎರಡಕ್ಕೂ ಅದೇ ಸುಳ್ಳು ಹೇಳುತ್ತದೆ.

ಹತ್ತು ಸಂಸ್ಥೆಗಳು ಸೇರಿ 384 ಗಂಟುಗಳ ಮೇಲೆ ಈ ವಿಧಾನವನ್ನು ಪರೀಕ್ಷಿಸಿದವು. 1986ರ ಆಗಸ್ಟಿನ ‘ರೇಡಿಯಾಲಜಿ’ ಪತ್ರಿಕೆಯ ಸಂಚಿಕೆಯಲ್ಲಿ ಅದು ಬಂತು. ಅದೇ ಸಂಚಿಕೆಯಲ್ಲಿ, ಅದರ ಹಿಂದಿನ ಪುಟಗಳಲ್ಲೇ, ಸೀಗಲ್ಮನ್ ತಂಡದ ಐದು ಪುಟದ ಇನ್ನೊಂದು ಲೇಖನವಿತ್ತು. ವಿಷಯ, ಹ್ಯಾಮರ್ಟೋಮಾ.

ಸುಣ್ಣದ ಬೇಟೆಯಲ್ಲಿ ಹ್ಯಾಮರ್ಟೋಮಾ ಸಿಕ್ಕಿರಲಿಲ್ಲ. ಅದರಲ್ಲಿ ಹೆಚ್ಚಿನವು 164ರ ಗೆರೆ ದಾಟುವುದಿಲ್ಲ, ಹಾಗಾಗಿ ಕ್ಯಾನ್ಸರ್ ಗುಂಪಿನ ಪಕ್ಕದಲ್ಲೇ ಉಳಿದುಬಿಡುತ್ತವೆ. ಎಲ್ಲರೂ ಮೇಲಿನ ತುದಿಯ ಅಂಕಿ ನೋಡುತ್ತಿದ್ದರು. ಇದರ ಗುಟ್ಟು ಕೆಳತುದಿಯಲ್ಲಿತ್ತು. ತಂಡ 47 ರೋಗಿಗಳ ತೆಳು ಹೋಳುಗಳನ್ನು ಚುಕ್ಕಿ ಚುಕ್ಕಿಯಾಗಿ ನೋಡಿತು. 28 ಗಂಟುಗಳಲ್ಲಿ ಮೈನಸ್ 40ರಿಂದ ಮೈನಸ್ 120ರ ನಡುವಿನ ಚುಕ್ಕಿಗಳ ಗುಂಪು ಸಿಕ್ಕಿತು. ಕೊಬ್ಬು. ಅವುಗಳಲ್ಲಿ 18ರಲ್ಲಿ ಕೊಬ್ಬು ಮಾತ್ರ, 10ರಲ್ಲಿ ಕೊಬ್ಬಿನ ಜೊತೆ ಸುಣ್ಣ. ಇನ್ನೆರಡರಲ್ಲಿ ಸುಣ್ಣ ಎಲ್ಲೆಡೆ ಹರಡಿತ್ತು. ಉಳಿದ 17ರಲ್ಲಿ ಎರಡೂ ಇಲ್ಲ. ಅವರು ಇಟ್ಟ ಲಕ್ಷಣಗಳು ಇಷ್ಟು: ಗಂಟು ಎರಡೂವರೆ ಸೆಂಟಿಮೀಟರ್ ಮೀರಿರಬಾರದು, ಅಂಚು ನಯವಾಗಿರಬೇಕು, ಒಳಗೆ ಕೊಬ್ಬಿನ ತುಣುಕು ಇರಬೇಕು ಅಥವಾ ಕೊಬ್ಬು ಮತ್ತು ಸುಣ್ಣ ಒಂದರ ಪಕ್ಕ ಒಂದಿರಬೇಕು. ಹಾಗಿದ್ದರೆ ಕೊಯ್ಯುವುದು ಬೇಡ.

ಈ ಕೊಬ್ಬಿನ ಗುರುತು 164ಕ್ಕಿಂತ ಗಟ್ಟಿ ಯಾಕೆ? ನಾನು ಅರ್ಥ ಮಾಡಿಕೊಂಡಂತೆ ಕಾರಣ ಎರಡು. ಮೊದಲನೆಯದು ಅಂತರ. ಕ್ಯಾನ್ಸರ್ ಗಂಟು ಎಷ್ಟು ಬೆಳ್ಳಗಿರಬಹುದು, ನುಣ್ಣನೆಯ ಸುಣ್ಣವಿರುವ ಗಂಟು ಎಷ್ಟು ಬೆಳ್ಳಗಿರುತ್ತದೆ ಎಂಬುದರ ನಡುವೆ ಗೆರೆ ಎಳೆಯುವುದು ಒಂದೇ ಬಣ್ಣದ ಎರಡು ಛಾಯೆಗಳ ಜಗಳ. ಮೃದು ಊತಕ ಮತ್ತು ಕೊಬ್ಬಿನ ನಡುವೆ ನೂರನಲವತ್ತು ಅಂಕಿಯ ಕಂದಕವಿದೆ. ಯಂತ್ರ ಇಪ್ಪತ್ತು ಮೂವತ್ತು ಆಚೀಚೆ ಹೋದರೂ ಅದು ಮುಚ್ಚಿಹೋಗದು. ಎರಡನೆಯದು ಇನ್ನೂ ಚೆಂದ. ಹೋಲಿಸಿ ನೋಡಲು ಕೃತಕ ಎದೆ ಬೇಕಾಗಿಲ್ಲ. ಎಂಥ ಬಡಕಲು ಮೈಯವರಾದರೂ ಎದೆಯ ಚರ್ಮದಡಿ ಒಂದಿಷ್ಟು ಕೊಬ್ಬಿದ್ದೇ ಇರುತ್ತದೆ, ಅದೂ ಅದೇ ಹೋಳಿನಲ್ಲಿ, ಅದೇ ಕಿರಣಕ್ಕೆ ಸಿಕ್ಕಿ. ಗಂಟಿನೊಳಗಿನ ಕಪ್ಪು ಆ ಕಪ್ಪಿಗೆ ಹೊಂದುತ್ತದೆಯೇ ಎಂದು ನೋಡಿದರಾಯಿತು.

ಇವತ್ತು ಯಾವುದೇ ಸಿಟಿ ಕೋಣೆಯಲ್ಲಿ ಇದನ್ನು ಮಾಡುವುದನ್ನು ನೋಡಬಹುದು. ರೇಡಿಯಾಲಜಿಸ್ಟರು ಪರದೆಯ ಮೇಲೆ ಗಂಟನ್ನು ಹಿಗ್ಗಿಸಿ, ಮೌಸಿನಿಂದ ಒಂದು ಪುಟ್ಟ ವೃತ್ತ ಎಳೆಯುತ್ತಾರೆ. ಪಕ್ಕದಲ್ಲಿ ಸರಾಸರಿ ಅಂಕಿ ಮೂಡುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ವೃತ್ತ ಗಂಟಿನ ಅಂಚಿಗೆ ತಗುಲಿದರೆ ಅದರೊಳಗೆ ಹೊರಗಿನ ಗಾಳಿ ಒಂದಿಷ್ಟು ಸೇರಿಕೊಂಡು, ಮೈನಸ್ 80 ಎಂಬ ಅಂಕಿ ತಾನಾಗಿ ಬರುತ್ತದೆ. ಕೊಬ್ಬೇ ಇಲ್ಲದ ಕ್ಯಾನ್ಸರ್ ಗಂಟಿಗೂ ಅಂಚಿನಲ್ಲಿ ಹೀಗೆ ‘ಕೊಬ್ಬು’ ಹುಟ್ಟುತ್ತದೆ. ಅನುಭವಸ್ಥರು ವೃತ್ತವನ್ನು ಒಳಕ್ಕೆ ತಂದು, ಇನ್ನೂ ಚಿಕ್ಕದು ಮಾಡಿ, ಮೇಲಿನ ಕೆಳಗಿನ ಹೋಳಿನಲ್ಲೂ ಅದೇ ಜಾಗ ನೋಡಿ, ಆಮೇಲೆ ರಿಪೋರ್ಟಿಗೆ ಕೈ ಹಾಕುತ್ತಾರೆ. ಲಿಪೋಸಾರ್ಕೋಮಾದಂಥ, ಕಿಡ್ನಿ ಕ್ಯಾನ್ಸರಿನಂಥ ಕಾಯಿಲೆಗಳು ಶ್ವಾಸಕೋಶಕ್ಕೆ ಹರಡಿದಾಗಲೂ ಅಪರೂಪಕ್ಕೆ ಕೊಬ್ಬು ಕಾಣುವುದುಂಟು. ಆದ್ದರಿಂದ ರೋಗಿಯ ಹಿಂದಿನ ಕತೆ ಕೇಳದೆ ಅಂಕಿಯೊಂದನ್ನೇ ನಂಬುವ ಹಾಗಿಲ್ಲ.

ನಮ್ಮ ಕಡೆ ಎದೆಯಲ್ಲಿ ಗಂಟು ಎಂದೊಡನೆ ಮೊದಲು ಬರುವ ಮಾತು ಕ್ಷಯ. ಅದು ಸಹಜವೇ, ಇಲ್ಲಿನ ಗ್ರಾನ್ಯುಲೋಮಾಗಳಲ್ಲಿ ಬಹುಪಾಲು ಅದರದೇ. ಅಮೆರಿಕದ ಓಹಿಯೋ, ಮಿಸಿಸಿಪಿ ಕಣಿವೆಗಳಲ್ಲಿ ಅದೇ ಜಾಗವನ್ನು ಹಿಸ್ಟೋಪ್ಲಾಸ್ಮಾ ಎಂಬ ಬೂಷ್ಟು ತುಂಬುತ್ತದೆ. ಎರಡರ ಗಂಟಿನಲ್ಲೂ ಸುಣ್ಣ ಕಟ್ಟುತ್ತದೆ, ಕೊಬ್ಬು ಕಟ್ಟುವುದಿಲ್ಲ. ಹಾಗಾಗಿ ಬಾಲ್ಟಿಮೋರಿನಲ್ಲಿ ಕಂಡ ಗುರುತು ಬಳ್ಳಾರಿಯಲ್ಲೂ ಬದಲಾಗುವುದಿಲ್ಲ. ‘ತೆಗೀಬೇಕಾ ಡಾಕ್ಟ್ರೇ?’ ಎಂದು ಕೇಳಿದವರಿಗೆ ‘ಬೇಡಮ್ಮ, ಅದರ ಪಾಡಿಗೆ ಅದಿರಲಿ’ ಎಂದು ನಿಶ್ಚಿಂತೆಯಿಂದ ಹೇಳಬಹುದಾದ ಕೆಲವೇ ಗಂಟುಗಳಲ್ಲಿ ಇದೊಂದು.

ಫ್ಯಾಂಟಮ್‌ನ ಪಾಡು ಬೇರೆಯಾಯಿತು. ಉರುಳೆಗಿಂತ ಬೆಳ್ಳಗೆ ಕಂಡ ಕೆಲವು ಗಂಟುಗಳೂ ಕಡೆಗೆ ಕ್ಯಾನ್ಸರ್ ಆದವೆಂಬ ವರದಿಗಳು ಬಂದವು. ಯಂತ್ರಗಳೂ ಸುಧಾರಿಸಿದವು. ಒಂದೇ ಉಸಿರಿನಲ್ಲಿ ಇಡೀ ಎದೆಯನ್ನು ಒಂದು ಮಿಲಿಮೀಟರಿನ ಹೋಳುಗಳಾಗಿ ತೆಗೆಯುವ ಸಿಟಿ ಬಂದಮೇಲೆ ಸುಣ್ಣ ನೇರವಾಗಿ ಕಣ್ಣಿಗೇ ಕಾಣತೊಡಗಿತು. ಕೃತಕ ಎದೆ ಮೂಲೆ ಸೇರಿತು. ಮೈನಸ್ ಅಂಕಿ ಉಳಿಯಿತು: ಗಂಟುಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ಎದೆಯ ಚಿತ್ರಣ ತಜ್ಞರ ಸಂಘವಾದ ಫ್ಲೈಷ್ನರ್ ಸೊಸೈಟಿ 2017ರಲ್ಲಿ ಹೊರಡಿಸಿದ ಸೂಚನೆಗಳಲ್ಲೂ ಒಳಗಿನ ಕೊಬ್ಬು ಹ್ಯಾಮರ್ಟೋಮಾದ ಗುರುತಾಗಿಯೇ ಇದೆ.

ಬದಲಾದದ್ದು ಆಲ್ಬ್ರೆಕ್ಟರ ವಿವರಣೆ. 1990ರ ದಶಕದಲ್ಲಿ ಈ ಗಂಟುಗಳ ವರ್ಣತಂತುಗಳನ್ನು ಬಿಡಿಸಿ ನೋಡಿದವರಿಗೆ 12ನೆಯ ವರ್ಣತಂತುವಿನ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮುರಿತ ಸಿಕ್ಕಿತು. ಅಲ್ಲಿರುವುದು ಎಚ್‌ಎಂಜಿಎ2 ಎಂಬ ಜೀನ್. ಮೈಯ ಕೊಬ್ಬುಗಂಟುಗಳಲ್ಲಿ, ಗರ್ಭಕೋಶದ ಫೈಬ್ರಾಯ್ಡುಗಳಲ್ಲಿ ಕೂಡ ಇದೇ ಜೀನ್ ಹಾದಿ ತಪ್ಪಿರುತ್ತದೆ. ಅಲ್ಲಿಗೆ ಇದು ಹುಟ್ಟಿನಲ್ಲೇ ಹದ ತಪ್ಪಿದ ಮಿಶ್ರಣವಲ್ಲ, ಆಮೇಲೆ ಬೆಳೆದ ನಿಜವಾದ ಗಡ್ಡೆಯೇ ಎಂದಾಯಿತು. ಹೆಸರನ್ನು ಮಾತ್ರ ಯಾರೂ ಬದಲಿಸಲಿಲ್ಲ.

ಇನ್ನು ಆ 17 ಗಂಟುಗಳು. ಕೊಬ್ಬೂ ಇಲ್ಲ, ಸುಣ್ಣವೂ ಇಲ್ಲ. ಹೋಳು ಎಷ್ಟು ತೆಳುವಾದರೂ ಇಂಥವು ಈಗಲೂ ಬರುತ್ತವೆ. ಗಂಟುಗಳೂ ಈಗ ಮೊದಲಿಗಿಂತ ಹೆಚ್ಚು ಸಿಗುತ್ತವೆ. ಅಮೆರಿಕದಲ್ಲಿ ಸಿಗರೇಟು ಸೇದುವವರ, ಸೇದಿ ಬಿಟ್ಟವರ ಎದೆಯನ್ನು ಸಿಟಿಯಲ್ಲಿ ತಪಾಸಿಸಿ 2011ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಶಂಕೆ ಹುಟ್ಟಿಸಿದ ಸ್ಕ್ಯಾನುಗಳಲ್ಲಿ ಶೇಕಡ 96.4 ಕ್ಯಾನ್ಸರ್ ಅಲ್ಲದವಾಗಿದ್ದವು. ಕೊಬ್ಬಿಲ್ಲದ ಹ್ಯಾಮರ್ಟೋಮಾ ಆ ರಾಶಿಯಲ್ಲಿ ಬಿದ್ದರೆ ಅದಕ್ಕೆ ಬೇರೆ ಗುರುತಿಲ್ಲ. ತಿಂಗಳುಗಳ ಅಂತರ ಬಿಟ್ಟು ಮತ್ತೆ ಸಿಟಿ, ಗಾತ್ರ ನೋಡಿಕೊಂಡು ಪೆಟ್ ಸ್ಕ್ಯಾನ್, ಕೊನೆಗೆ ಸೂಜಿ. ಸೂಜಿಗೂ ಅದು ಸುಲಭಕ್ಕೆ ಸಿಗುವುದಿಲ್ಲ. ಗಟ್ಟಿ ಮೃದ್ವಸ್ಥಿ ತುದಿಗೆ ತಾಗಿದೊಡನೆ ಪಕ್ಕಕ್ಕೆ ಜರುಗುತ್ತದೆ, ಬಂದ ಚೂರಿನಲ್ಲಿ ಮೃದ್ವಸ್ಥಿ ಇಲ್ಲದಿದ್ದರೆ ಪೆಥಾಲಜಿಸ್ಟರು ಏನನ್ನೂ ಖಚಿತವಾಗಿ ಹೇಳಲಾರರು. ಅಂಥವನ್ನು ಈಗಲೂ ಶಸ್ತ್ರವೈದ್ಯರೇ ತೆಗೆಯುತ್ತಾರೆ, ಸ್ಟೀಲ್ ಕಾಲದಂತೆ ಎದೆ ಅಗಲಿಸದೆ, ಕ್ಯಾಮೆರಾ ತೂರುವಷ್ಟು ರಂಧ್ರಗಳಿಂದ.